ಸಾಹೇಬನ ಪಾಲಿನ ಪುಡಿ

"ನೋಡ್ತಿರಿ, ಈ ಬೇಸಿಗೆ ಮುಗಿಯೋದ್ರೊಳಗೆ ನಮ್ಮ ಸಾಹೇಬ ಅಪ್ಪ ಆಗ್ತಾನೆ. ನಮ್ಮ ಅಳಿಯಂದಿರು ಇನ್ನೂ ಓದ್ತಾನೇ ಇರ್ತಾರೆ," ಎಂದು ಮಾವ ಊಟದ ಹೊತ್ತಿನಲ್ಲಿ ಎಲ್ಲರೆದುರು ಹೇಳಿದಾಗ ಅಳಿಯ ಲೋಟ ಎತ್ತಿ ಗಟಗಟ ನೀರು ಕುಡಿದ. ಸಾಹೇಬ ಎಂದರೆ ಮಾವನ ಮೊಲದ ಫಾರ್ಮಿನಲ್ಲಿ ಆಗಷ್ಟೇ ಪ್ರಾಯಕ್ಕೆ ಬರುತ್ತಿದ್ದ ಬಿಳಿ ಗಂಡು. ಅಳಿಯನೋ, ಮದುವೆಯಾಗಿ ವರ್ಷಗಳಾದರೂ ಮಕ್ಕಳಿಲ್ಲದ, ಮಾವನ ಮನೆಯಲ್ಲೇ ಇದ್ದ ಜೀವರಸಾಯನದ ಮೇಷ್ಟ್ರು. ಮೊಲದೊಡನೆ ಹೋಲಿಸಿದ್ದನ್ನು ಸಹಿಸಬಹುದಿತ್ತು, ಮೊಲಕ್ಕೆ ಸೋಲುವುದನ್ನಲ್ಲ.

ಸಾಹೇಬ ಅಪ್ಪನಾಗಬಾರದು. ಅಷ್ಟೇ.

ಉಪಾಯ ಅವನು ಮಾಡುವ ಪಾಠದಲ್ಲೇ ಇತ್ತು. ತಗಡಿನ ಸೂರಿನ ಸೆಕೆಗೆ ಮೊಲದ ಮೈಯಲ್ಲಿ ಆಮ್ಲಜನಕದ ಪುಂಡ ಕಣಗಳು ಹೆಚ್ಚುತ್ತವೆ. ಉತ್ಕರ್ಷಣದ ಒತ್ತಡ ಎಂದು ಅದರ ಹೆಸರು. ಇನ್ನೂ ಬೆಳೆಯುತ್ತಿರುವ ವೃಷಣಕ್ಕೆ ಮೊದಲ ಪೆಟ್ಟು. ಅದನ್ನು ತಡೆಯಲೆಂದೇ ಮಾವ ದಿನಾ ಬೆಳಿಗ್ಗೆ ಒಂದು ಚಮಚ ಕಿತ್ತಳೆ ಬಣ್ಣದ ಪುಡಿ ಅಳೆದು, ಸಾಹೇಬನ ಮೇವಿಗೆ ಬೆರೆಸಲು ಅಳಿಯನ ಕೈಗೆ ಕೊಡುತ್ತಿದ್ದರು. ವಿಷ ಹಾಕಬೇಕಿರಲಿಲ್ಲ. ಹಾಕಬೇಕಾದ್ದನ್ನು ಹಾಕದಿದ್ದರೆ ಸಾಕು. ಮಾಡದ ಕೆಲಸಕ್ಕೆ ಬೆರಳಚ್ಚು ಎಲ್ಲಿಂದ ಬರಬೇಕು?

ಉಳಿದ ತೊಡಕು, ಪುಡಿಯನ್ನು ಏನು ಮಾಡುವುದು? ಮೋರಿಗೆ ಸುರಿದರೆ ಸಿಮೆಂಟಿಗೆ ಬಣ್ಣ ಹಿಡಿಯುತ್ತದೆ. ಕಸದ ಬುಟ್ಟಿಗೆ ಅತ್ತೆಯ ಕಣ್ಣು. ಜೇಬಿನಲ್ಲಿಟ್ಟರೆ ಬಟ್ಟೆ ಒಗೆಯುವವಳು ಹೆಂಡತಿ. ಮನುಷ್ಯನಿಗೆ ಅಪಾಯವಿಲ್ಲವೆಂದು ಲೆಕ್ಕ ಹಾಕಿ ಖಚಿತಪಡಿಸಿಕೊಂಡು, ದಿನಾ ನೀರಿನೊಂದಿಗೆ ತಾನೇ ನುಂಗಿದ. ಹೊಟ್ಟೆಗಿಂತ ಭದ್ರವಾದ ಕಸದ ಬುಟ್ಟಿ ಇನ್ನೊಂದಿಲ್ಲ. ಆಮೇಲೆ ಸೋಪು ಹಚ್ಚಿ ಎರಡೆರಡು ಸಲ ಕೈ ತೊಳೆಯುತ್ತಿದ್ದ. ಉಗುರಿನ ಸಂದಿಯನ್ನೂ ಬಿಡುತ್ತಿರಲಿಲ್ಲ.

ಬೇಸಿಗೆ ಕಳೆಯಿತು. ಸಾಹೇಬನ ಗೂಡಿಗೆ ಬಿಟ್ಟ ಹೆಣ್ಣುಗಳಲ್ಲಿ ಒಂದೂ ಗಬ್ಬ ಕಟ್ಟಲಿಲ್ಲ. ಮಾವ ತಲೆ ಮೇಲೆ ಕೈ ಹೊತ್ತು ಕೂತರು. "ಮೊಲಕ್ಕೂ ಟೈಮ್ ಕೂಡಿ ಬರ್ಬೇಕಲ್ಲ ಮಾವ," ಎಂದು ಅವನು ಮುಖ ಸಪ್ಪಗೆ ಮಾಡಿಕೊಂಡು ಸಮಾಧಾನ ಹೇಳಿದ.

ಅದೇ ವಾರ ಹೆಂಡತಿ ಓಡಿಬಂದು, "ಅಪ್ಪಾ, ನೀವು ತಾತ ಆಗ್ತಿದೀರಿ!" ಎಂದಳು. ಮಾವ ಎದ್ದವರೇ ಅಳಿಯನ ಎರಡೂ ಕೈ ಹಿಡಿದು ಕುಲುಕಿದರು. ಕುಲುಕುತ್ತಿದ್ದವರು ತಟ್ಟನೆ ನಿಂತು, ಅವನ ಅಂಗೈಗಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಮಾಗಿದ ಪಪ್ಪಾಯಿಯ ಬಣ್ಣ. "ಗೂಡಿನ ಪೇಂಟು ಮಾವ, ತೊಳ್ಕೊಂಡು ಬರ್ತೀನಿ," ಎಂದ. "ತೊಳೆದ್ರೆ ಹೋಗಲ್ಲ ಅಳಿಯಂದಿರೇ," ಮಾವ ದನಿ ತಗ್ಗಿಸಿದರು, "ಆ ಪುಡಿ ತಿಂದ್ರೆ ಬಣ್ಣ ಒಳಗಿಂದ ಬರುತ್ತೆ. ಇವಳು ಹುಟ್ಟೋಕೆ ಮುಂಚೆ ನನ್ನ ಅಂಗೈನೂ ಹೀಗೇ ಇತ್ತು. ಆದ್ರೆ ನಾನು ಮೊಲದ ಪಾಲನ್ನ ಮೊಲಕ್ಕೆ ಬಿಟ್ಟಿದ್ದೆ."