ಸಾಲಿನಲ್ಲಿ ಕೊನೆಯವಳು

ಸಾವಿರದ ಒಂಬೈನೂರ ಎಪ್ಪತ್ತೊಂದರ ಆರಂಭದಲ್ಲಿ ಅಂಧೇರಿಯ ಒಂದು ಪುಟ್ಟ ಕನ್ನಡ ಕ್ರೈಸ್ತ ಸಭೆ, ಲೋಕದ ಉಳಿದ ವಿಚಾರಗಳನ್ನೆಲ್ಲ ಬದಿಗಿಟ್ಟು, ಒಂದು ಘನಗಂಭೀರ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು: ಸಾಲಿನಲ್ಲಿ ಕೊನೆಗೆ ಯಾರು ನಿಲ್ಲಬೇಕು?

ಹಾಲಿಗೆ, ನಲ್ಲಿಗೆ, ಬಸ್ಸಿಗೆ ಸಾಲು ನಿಂತೇ ಬಾಳುವ ಊರಿದು. ಮೊದಲ ಸ್ಥಾನಕ್ಕೆ ಇಲ್ಲಿ ಜಗಳವಾಗುವುದುಂಟು. ಕೊನೆಯದಕ್ಕಾಗಿ ಸಮಿತಿ ಕೂತದ್ದು ಬಹುಶಃ ಇದೇ ಮೊದಲು.

ಆ ಸಾಲು ಪವಿತ್ರ ಭೋಜನದ್ದು. ತಿಂಗಳ ಮೊದಲ ಭಾನುವಾರ ಒಂದು ಚೂರು ರೊಟ್ಟಿ, ಆಮೇಲೆ ಒಂದೇ ಪಾತ್ರೆಯಿಂದ ಎಲ್ಲರಿಗೂ ಒಂದೊಂದು ಗುಟುಕು ದ್ರಾಕ್ಷಾರಸ. ತೊಡಕೇನೆಂದರೆ, ದಹಿಸರ್‌ನ ರಾಜೀವಿ ಕ್ಷಯದ ಆಸ್ಪತ್ರೆಯಿಂದ ಮರಳಿದ್ದಳು. ಪೂರ್ತಿ ಗುಣವಾಗಿದೆ ಎಂದು ಡಾಕ್ಟರು ಹೇಳಿದ್ದರು. ಆದರೆ ಡಾಕ್ಟರು ಈ ಸಭೆಯ ಸದಸ್ಯರಲ್ಲ.

ಸಮಿತಿಯ ತೀರ್ಪನ್ನು ತಂದವರು ಮಹಿಳಾ ಸಂಘದ ಅಧ್ಯಕ್ಷೆ ನೀಲಾವತಿ.

"ಬೇಜಾರು ಮಾಡ್ಬೇಡ ಮಗಾ. ನೀನು ಎಲ್ಲರೂ ಆದ ಮೇಲೆ ಬಾ. ಸಣ್ಣ ಮಕ್ಕಳಿರುವ ಮನೆಯವರು ಉಂಟಲ್ಲ."

"ಮಕ್ಕಳಿಗೆ ಪಾತ್ರೆ ಕೊಡುವುದಿಲ್ಲವಲ್ಲ, ಆಂಟಿ."

"ನೋಡು ಬಾಯಿ! ಎದೆಗೆ ಬಂದ ರೋಗ ನಾಲಗೆಗೆ ಬರಬಾರದಿತ್ತಾ, ಮಾರಾಯ್ತಿ?"

ರಾಜೀವಿ ಒಪ್ಪಿಕೊಂಡಳು. ಆಸ್ಪತ್ರೆಯ ವಾರ್ಡಿನಲ್ಲಿ ಅಕ್ಕಪಕ್ಕದ ಮಂಚಗಳು ಒಂದೊಂದಾಗಿ ಖಾಲಿಯಾದಾಗ ಅವಳು ಕಣ್ಣುಮುಚ್ಚಿ ಮನಸ್ಸಿನಲ್ಲಿ ಹಿಡಿದುಕೊಂಡಿದ್ದದ್ದು ಈ ಪಾತ್ರೆಯನ್ನೇ. ನೋಡಲು ಬರುತ್ತೇನೆಂದವರು ಬಂದಿರಲಿಲ್ಲ. ಕ್ರಿಸ್ತ ಬಂದಿದ್ದ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ. ಅವನ ಪಂಕ್ತಿಯಲ್ಲಿ ಮತ್ತೆ ಕೂರುವುದಾದರೆ ಕೊನೆಯಾದರೇನು, ಮೆಟ್ಟಿಲಾದರೇನು?

ನೀಲಾವತಿಯವರ ಲೆಕ್ಕದಲ್ಲಿ ಒಂದು ತಪ್ಪಿತ್ತು. ಸಾಲು ಮುಗಿಯುವ ತನಕ ಹಾರ್ಮೋನಿಯಂ ಬಾರಿಸುವವನು ಎಲ್ಲರ ನಂತರವೇ ಪಾತ್ರೆಗೆ ಬರುವುದು ಅಲ್ಲಿನ ವಾಡಿಕೆ. ಸದಾ ಸಭೆಗೆ ಬೆನ್ನು ಹಾಕಿ ಕೂರುವ ಅವನನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಹೆತ್ತ ತಾಯಿಯೂ. ಅವನು ನೀಲಾವತಿಯವರ ಒಬ್ಬನೇ ಮಗ ಸದಾನಂದ.

ಆ ಭಾನುವಾರ ಸಾಲು ಕರಗಿತು. ಹಾರ್ಮೋನಿಯಂ ನಿಂತಿತು. ರಾಜೀವಿಯ ಬೆನ್ನ ಹಿಂದೆ ಚಪ್ಪಲಿಯಿಲ್ಲದ ಹೆಜ್ಜೆ ಕೇಳಿಸಿತು.

"ಮುಂದೆ ಹೋಗಿ," ಅವಳು ತಿರುಗದೆ ಪಿಸುಗುಟ್ಟಿದಳು. "ಕೊನೆಯ ಜಾಗ ನನಗೆ ಕೊಟ್ಟಿದ್ದಾರೆ."

"ಅದು ಪೆಟ್ಟಿಗೆ ಬಾರಿಸುವವನ ಜಾಗ."

"ನಿಮ್ಮ ಕರುಣೆ ನನಗೆ ಬೇಡ."

"ಕರುಣೆ ಎಂತದು? ಡ್ಯೂಟಿ!"

ಅವಳು ಥಟ್ಟನೆ ತಿರುಗಿದಳು. ಸಿಟ್ಟಿನಲ್ಲಿ ಅವಳ ಕಣ್ಣು ದೊಡ್ಡದಾಗುತ್ತಿತ್ತು. ಅದು ತನಗೆ ಒಪ್ಪುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸದಾನಂದ ನೋಡಿದ. ನೋಡಬಾರದಷ್ಟು ಹೊತ್ತು ನೋಡಿದ. ಅವನ ಕಿವಿಗಳೆರಡೂ ಕೆಂಪಾದವು. ಮೊದಲು ಕಣ್ಣು ಕೆಳಗಿಳಿಸಿದವಳು ಅವಳೇ.

ಅವಳು ಕುಡಿದಳು. ಸಭೆಯ ಪಾದ್ರಿ ಅಯ್ಯನವರು ಪಾತ್ರೆಯ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ, ಪದ್ಧತಿಯಂತೆ ತುಸು ತಿರುಗಿಸಿ ಮುಂದೆ ಹಿಡಿದರು. ಸದಾನಂದ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು, ಅಷ್ಟೇ ಮೆತ್ತಗೆ ಹಿಂದಕ್ಕೆ ತಿರುಗಿಸಿ, ಅವಳು ಕುಡಿದ ಕಡೆಯಿಂದಲೇ ಕುಡಿದ.

ಮೌನಪ್ರಾರ್ಥನೆಯ ಹೊತ್ತಿನಲ್ಲಿ "ಅಯ್ಯೋ ದೇವರೇ!" ಎಂಬ ಉದ್ಗಾರ ಕೇಳಿಸಿತು. ನೀಲಾವತಿಯವರ ಪ್ರಾರ್ಥನೆ ಅಷ್ಟು ಪ್ರಾಮಾಣಿಕವಾಗಿದ್ದದ್ದು ಅಪರೂಪ.

ಹೊರಗೆ ಗೇಟಿನ ಬಳಿ ಅವರು ರಾಜೀವಿಯನ್ನು ತಡೆದರು. "ಮುಂದಿನ ತಿಂಗಳು ನೀನು ಎದ್ದು ಬರುವುದೇ ಬೇಡ. ಕೂತಲ್ಲೇ ಪ್ರಾರ್ಥನೆ ಮಾಡು. ನನ್ನ ಮಗನನ್ನು ಕೊಲ್ಲಲಿಕ್ಕೆ ಬಂದದ್ದಾ ನೀನು?"

ಹೆಂಗಸರು ಸುತ್ತ ಸೇರಿದರು. ಯಾರೂ ಹತ್ತಿರ ಬರಲಿಲ್ಲ, ಯಾರೂ ಹೊರಡಲೂ ಇಲ್ಲ.

ರಾಜೀವಿಯ ಸ್ವರ ನಡುಗಲಿಲ್ಲ. "ಆ ಊಟಕ್ಕೆ ನನ್ನನ್ನು ಕರೆದವರು ನೀವಲ್ಲ, ಆಂಟಿ. ಬರಬೇಡ ಅನ್ನಲಿಕ್ಕೂ ನೀವಲ್ಲ. ನಾನು ಬರ್ತೇನೆ."

ಸ್ಟೇಷನ್ನಿನಲ್ಲಿ ಸದಾನಂದ ಓಡಿ ಬಂದು ಅವಳ ಪಕ್ಕ ನಿಂತ. ದಹಿಸರ್ ಕಡೆಯ ಲೋಕಲ್ ಬಂತು, ಹೋಯಿತು. ಅವಳು ಹತ್ತಲಿಲ್ಲ.

"ಅಲ್ಲಿ ಆಟ ಆಡಿದಿರಲ್ಲ, ನಾಚಿಕೆ ಆಗಲಿಲ್ಲವಾ? ಅದು ದೇವರ ಪಾತ್ರೆ. ಫಿಲ್ಮ್ ಶೂಟಿಂಗ್ ಅಲ್ಲ."

"ತಪ್ಪಾಯ್ತು. ಅಯ್ಯನವರ ಹತ್ತಿರ ಒಪ್ಪಿಕೊಂಡು ಬಂದೆ."

"ಏನಂದರು?"

"ಬೈದರು. ಆಮೇಲೆ, ಹುಡುಗಿಯ ಹತ್ತಿರ ಕೇಳಿದ್ದೀಯಾ ಅಂದರು."

ಅವಳು ಹಳಿಯ ಕಡೆ ನೋಡಿದಳು. "ಆಸ್ಪತ್ರೆಗೆ ಒಂದು ದಿನವೂ ಬರಲಿಲ್ಲ ನೀವು."

"ಗೇಟಿನವರೆಗೆ ಬಂದಿದ್ದೆ. ಹೆದರಿ ವಾಪಸು ಹೋದೆ."

"ರೋಗಕ್ಕಾ?"

"ಅಮ್ಮನಿಗೆ."

ನಗಬಾರದೆಂದುಕೊಂಡೇ ಅವಳು ನಕ್ಕಳು. ನಗು ಕೆಮ್ಮಾಯಿತು. ಬೆಂಚಿನಲ್ಲಿದ್ದವನೊಬ್ಬ ಎದ್ದು ದೂರ ಹೋದ. ಸದಾನಂದ ಖಾಲಿಯಾದ ಜಾಗಕ್ಕೆ ಅವಳನ್ನು ಕೂರಿಸಿ, ಪಕ್ಕದಲ್ಲಿ ತಾನೂ ಕೂತ.

"ಈಗ ಹೆದರಿಕೆ ಇಲ್ಲವಾ?"

"ಉಂಟು. ಇವತ್ತು ಮನೆಗೆ ಹೋಗುವುದು ಹೇಗೆ ಅಂತಲೇ ಗೊತ್ತಿಲ್ಲ."

"ಹಾಗಾದರೆ ಕೇಳಿ," ಎಂದಳು ರಾಜೀವಿ. "ಅಯ್ಯನವರು ಕೇಳಲಿಕ್ಕೆ ಹೇಳಿದ್ದನ್ನು."

ಅವನು ಕೇಳಿದ. ಅವಳು ಹೂಂ ಅಂದಳು.

ಮುಂದಿನ ತಿಂಗಳು ಪಾತ್ರೆಗೆ ಹೆದರಿ ಅರ್ಧ ಸಭೆ ಕೂತಲ್ಲಿಂದ ಏಳಲಿಲ್ಲ. ರಾಜೀವಿ ಎದ್ದಳು. ಮೇ ತಿಂಗಳಲ್ಲಿ ಮದುವೆಯಾಯಿತು. ನೀಲಾವತಿ ಬಂದರು, ಊಟ ಮಾಡಲಿಲ್ಲ.