ಮದಲೂರು ಕೆರೆಗೆ ಎಸೆದ ಪೆಟ್ಟಿಗೆ

"ನಿಲ್ಲಿ! ಒಂದ್ ಹೆಜ್ಜೆ ಮುಂದಕ್ ಇಟ್ರೆ ನೆಟ್ಟಗಿರಾಕಿಲ್ಲ!"

ಸೈಕಲ್ಲು ನಿಂತಿತು.

ಮದಲೂರು ಕೆರೆಯ ಏರಿ ಮೇಲೆ, ಒಗೆದ ಬಟ್ಟೆಯ ಗಂಟನ್ನು ಕೆಳಗಿಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಶಿವರುದ್ರಮ್ಮ ದಾರಿಗೆ ಅಡ್ಡ ನಿಂತಿದ್ದಳು. ಸೈಕಲ್ಲಿನವನು ಊರಿಗೆ ಹೊಸಬ. ತಲೆಗೆ ರುಮಾಲು, ಮೈಗೆ ಕರಿ ಕೋಟು, ಹಿಂದೆ ಹಗ್ಗದಿಂದ ಬಿಗಿದ ಚಪ್ಪಟೆ ಮರದ ಪೆಟ್ಟಿಗೆ. ಅಷ್ಟೇ ಆಗಿದ್ದರೆ ಅವಳು ತನ್ನ ಪಾಡಿಗೆ ಹೋಗಿಬಿಡುತ್ತಿದ್ದಳು. ಆದರೆ ಅವನು ಕೇಳಿದ ಮಾತು...

"ಈ ಊರಲ್ಲಿ ಕಣ್ಣಿಗೆ ಪೊರೆ ಬಂದವರು ಯಾರಾದರೂ ಇದ್ದಾರಾ ತಾಯಿ?"

ಇದೇ ಮಾತು! ಎರಡು ವರ್ಷದ ಹಿಂದೆ ಇನ್ನೊಬ್ಬ ಇದೇ ಏರಿಯ ಮೇಲೆ ನಿಂತು ಇದನ್ನೇ ಕೇಳಿದ್ದ. ಊರೂರು ತಿರುಗಿ ಸೂಜಿಯಲ್ಲಿ ಪೊರೆ ತಳ್ಳುವವನು. ಅವ್ವನ ಎಡಗಣ್ಣಿಗೆ ಸೂಜಿ ಹಾಕಿದ. "ಕಾಣ್ತದೆ, ಕಾಣ್ತದೆ" ಎಂದು ಅವ್ವ ಚಪ್ಪಾಳೆ ತಟ್ಟಿದಳು. ಅವನು ಊರು ಬಿಟ್ಟ ಮೇಲೆ ಕಣ್ಣು ಕೆಂಪಾಗಿ, ಕೀವು ತುಂಬಿ, ಆ ಬೆಳಕು ಪೂರ್ತಿ ಆರಿಹೋಯಿತು.

ಈಗ ಉಳಿದ ಬಲಗಣ್ಣಿಗೂ ಪೊರೆ. ಅವ್ವನ ಪಾಲಿಗೆ ಲೋಕದಲ್ಲಿ ಉಳಿದಿರುವುದು ಅದೊಂದೇ ಕಣ್ಣು.

"ನೀನೂ ಸೂಜಿಯವನಾ? ಈ ಪೆಟ್ಟಿಗೇಲಿ ಏನೈತೆ?"

"ಕಣ್ಣಿನ ಸಾಮಾನು. ಸ್ವಲ್ಪ ತಾಳಿ, ನಾನು..."

ತಾಳುವುದು ನಮ್ಮ ರುದ್ರಮ್ಮನ ಜಾತಕದಲ್ಲೇ ಇರಲಿಲ್ಲ! ಹಗ್ಗ ಕಿತ್ತಳು, ಪೆಟ್ಟಿಗೆ ಎತ್ತಿದಳು, ಬೀಸಿದಳು. ತೂಬಿನ ಕಲ್ಲಿನ ಪಕ್ಕದಲ್ಲಿ ಧೊಪ್ಪೆಂದು ಬಿದ್ದ ಪೆಟ್ಟಿಗೆ ಗುಳುಗುಳು ಎನ್ನುತ್ತಾ ಮುಳುಗಿತು.

ಅವನು ನೀರನ್ನೇ ನೋಡುತ್ತಾ ನಿಂತ. ಬೈಯುತ್ತಾನೆ, ಕೈ ಎತ್ತುತ್ತಾನೆ ಎಂದು ಅವಳು ಎದೆ ಸೆಟೆದು ಕಾದಳು. ಅವನು ಮೆಲ್ಲಗೆ ಕೇಳಿದ:

"ನಿಮ್ಮ ಮನೇಲಿ ಯಾರ ಕಣ್ಣು ಹೋಯ್ತು?"

ಅಷ್ಟು ಹೊತ್ತು ಉರಿಯುತ್ತಿದ್ದ ಹೆಣ್ಣು ಸೊಂಟದ ಸೆರಗು ಬಿಚ್ಚಿ ಕಣ್ಣಿಗೆ ಒತ್ತಿಕೊಂಡಳು. "ನಮ್ಮವ್ವಂದು..."

"ನಾನು ಶಂಕರಲಿಂಗಪ್ಪ, ಕೊರಟಗೆರೆ ಕಡೆಯವನು. ಸಿರಾ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರು. ಇನ್ನೊಂದು ಕಣ್ಣು ನೋಡಬಹುದಾ?"

ಅಯ್ಯೋ, ಡಾಕ್ಟ್ರಾ! ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಆದರೂ ಸೋಲುವುದುಂಟೇ?

"ನೋಡೋದಾದ್ರೆ ನೋಡಿ. ಮುಟ್ಟಂಗಿಲ್ಲ!"

* * *

ರುದ್ರಮ್ಮನ ಅವ್ವ ಕರಿಬಸಮ್ಮ ಪಡಸಾಲೆಯಲ್ಲಿ ಕುಳಿತು ಕೈಯಿಂದ ತಡವಿ ತಡವಿ ಹುರುಳಿ ಹಸನು ಮಾಡುತ್ತಿದ್ದಳು. ಡಾಕ್ಟರು ಸಣ್ಣ ಕನ್ನಡಿಯಿಂದ ಅಂಗಳದ ಬಿಸಿಲನ್ನು ಅವಳ ಬಲಗಣ್ಣಿನ ಕಡೆಗೆ ತಿರುಗಿಸಿ, ಬೆಳಕು ಯಾವ ಪಕ್ಕದಿಂದ ಬರುತ್ತಿದೆ ಎಂದು ಕೇಳಿದ. ಅವಳು ಪ್ರತಿ ಸಲವೂ ಸರಿಯಾಗಿಯೇ ಬೆರಳು ಮಾಡಿದಳು.

"ಈ ಕಣ್ಣಿಗೆ ಜೀವ ಇದೆ. ಪೊರೆ ತೆಗೆದರೆ ಕಾಣುತ್ತೆ."

ಶುರುವಾಯಿತು ನೋಡಿ ರುದ್ರಮ್ಮನ ವಿಚಾರಣೆ!

"ಕಣ್ಣುಗುಡ್ಡೆ ಕಿತ್ತು ತಟ್ಟೆಗಿಟ್ಟು ತೊಳೀತಾರಂತೆ?"

"ಯಾರೂ ಕೀಳಲ್ಲ. ಕಣ್ಣು ಇರೋ ಜಾಗದಲ್ಲೇ ಇರುತ್ತೆ. ಒಳಗೆ ಮಸುಕಾಗಿರೋದನ್ನ ಮಾತ್ರ ಆಚೆ ತೆಗೀತೀವಿ. ಸೂಜಿಯವರು ಅದನ್ನ ಕಣ್ಣೊಳಗೇ ಹಿಂದಕ್ಕೆ ತಳ್ಳಿಬಿಡ್ತಾರೆ. ಅಲ್ಲೇ ಕೂತು ಅದು ಕಣ್ಣು ಕೆಡಿಸುತ್ತೆ."

"ನೋವು?"

"ಹನಿ ಹಾಕಿ ಮರಗಟ್ಟಿಸ್ತೀವಿ. ಮುಟ್ಟಿದ್ದು ಗೊತ್ತಾಗುತ್ತೆ, ಕುಯ್ದಿದ್ದು ಗೊತ್ತಾಗಲ್ಲ."

"ಸೊಪ್ಪಿನ ರಸ ಹಿಂಡಿದ್ರೆ ಕರಗಾಕಿಲ್ವಾ?"

"ಕರಗಲ್ಲ. ಕಣ್ಣಿಗೆ ಹುಣ್ಣಾಗುತ್ತೆ, ಅಷ್ಟೆ. ದಯವಿಟ್ಟು ಏನೂ ಹಿಂಡಬೇಡಿ."

ಅವಳ ಮನಸ್ಸಿನಲ್ಲಿದ್ದ ನಿಜವಾದ ಪ್ರಶ್ನೆ ಇನ್ನೂ ಬಾಕಿ ಇತ್ತು.

"ಈ ಕಣ್ಣೂ... ಹೋದ್ರೆ?"

ಶಂಕರಲಿಂಗಪ್ಪ ಅವಳ ಮುಖವನ್ನು ನೇರವಾಗಿ ನೋಡಿದ. "ಹೋಗೋದೂ ಉಂಟು. ಹೋಗಲ್ಲ ಅಂತ ಆಣೆ ಮಾಡಿದರೆ ನನಗೂ ಆ ಸೂಜಿಯವನಿಗೂ ಏನು ವ್ಯತ್ಯಾಸ? ನನ್ನ ಕೈಲಾದದ್ದನ್ನೆಲ್ಲ ಮಾಡ್ತೀನಿ. ಅಷ್ಟು ಮಾತ್ರ ಹೇಳಬಲ್ಲೆ."

ಆಣೆ ಇಟ್ಟಿದ್ದರೆ ಅವಳು ಅವನನ್ನು ಅಲ್ಲಿಂದಲೇ ಓಡಿಸುತ್ತಿದ್ದಳೇನೋ. ಇಡಲಿಲ್ಲವಲ್ಲ... ಅದಕ್ಕೇ ಎದೆಯೊಳಗೆ ಏನೋ ಸಡಿಲವಾಯಿತು.

ಕರಿಬಸಮ್ಮ ಕೊರಳಿನ ಲಿಂಗದ ಕರಡಿಗೆಯನ್ನು ಸವರುತ್ತಾ ನುಡಿದಳು. "ಅಂಗೈ ಮೇಲಿನ ಲಿಂಗ ಕಾಣ್ದೆ ಪೂಜೆ ಮಾಡ್ತಿವ್ನಿ ಕಣಪ್ಪ. ಇವಳಿಗೂ ಇಪ್ಪತ್ತು ತುಂಬ್ತು. ಗಂಡಿನ ಮುಖ ನಾನು ಕಣ್ಣಾರೆ ನೋಡ್ದೆ ಮಗಳನ್ನ ಕೊಡಾಕಿಲ್ಲ ಅಂತ ಬಂದೋರ್ನೆಲ್ಲ ವಾಪಸ್ ಕಳಿಸ್ದೆ. ಇನ್ನ ಇಂಗೇ ಕೂರಕಾಗಲ್ಲ. ನೀನು ಮಾಡಪ್ಪ, ನಾನು ಬತ್ತೀನಿ."

ರುದ್ರಮ್ಮ ತಲೆ ತಗ್ಗಿಸಿದಳು. ಡಾಕ್ಟರು ಯಾಕೋ ತನ್ನ ರುಮಾಲು ಸರಿ ಮಾಡಿಕೊಂಡ.

* * *

ಕೆರೆಯ ನೀರು ಗದ್ದೆಗೆ ಹರಿದು ಮಟ್ಟ ಇಳಿಯುತ್ತಿದ್ದ ದಿನಗಳಲ್ಲಿ ಸಿರಾ ಆಸ್ಪತ್ರೆಯಲ್ಲಿ ಕರಿಬಸಮ್ಮನ ಕಣ್ಣಿನ ಆಪರೇಷನ್ ಆಯಿತು.

ಎರಡೂ ಕಣ್ಣಿಗೆ ಪಟ್ಟಿ. ತಲೆಯ ಆ ಪಕ್ಕ ಈ ಪಕ್ಕ ಮರಳಿನ ಚೀಲ. ಅಂಗಾತ ಮಲಗಬೇಕು, ಕೆಮ್ಮಬಾರದು, ಹೊರಳಬಾರದು, ಅಗಿಯುವಂಥದ್ದು ತಿನ್ನಬಾರದು. ಇಷ್ಟನ್ನೂ ಕರಿಬಸಮ್ಮ ಒಪ್ಪಿಕೊಂಡಳು. ಆದರೆ ಗಂಜಿ ತಂದಾಗ ಬಾಯಿ ಬಿಗಿದುಬಿಟ್ಟಳು.

"ಲಿಂಗಪೂಜೆ ಆಗ್ದೆ ಒಂದ್ ತೊಟ್ಟು ನೀರೂ ಇಳಿಯಾಕಿಲ್ಲ. ನನ್ನ ಎಬ್ಬಿಸಿ ಕೂರಿಸ್ರಿ!"

"ಎದ್ದು ತಲೆ ಬಗ್ಗಿಸಿದರೆ ಗಾಯ ಬಾಯಿ ಬಿಡುತ್ತೆ ಅವ್ವಾ," ಡಾಕ್ಟರು ಅಂಗಲಾಚಿದ. "ಕಣ್ಣು ಕೈಬಿಟ್ಟು ಹೋಗುತ್ತೆ."

"ಹೋದ್ರೆ ಹೋಗ್ಲಿ! ಶಿವನ್ನ ಬುಟ್ಟು ಉಣ್ಣಾಕಾಗಲ್ಲ."

ಅವಳ ಕೈ ಆಗಲೇ ಮಂಚದ ಅಂಚು ಹಿಡಿದಿತ್ತು. ಡಾಕ್ಟರ ಮುಖ ಬಿಳುಚಿತು. ರುದ್ರಮ್ಮ ಮುಂದೆ ಬಂದಳು. ಕೈ ತೊಳೆದು, ಅವ್ವನ ಎಡಗೈಯನ್ನು ಎದೆಯ ಮೇಲೆ ಅಂಗಾತ ಇಟ್ಟು, ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಗೆ ಕೂರಿಸಿದಳು. ಅವ್ವನ ಬೆರಳು ಹಿಡಿದು ವಿಭೂತಿ ಹಚ್ಚಿಸಿದಳು, ಪತ್ರೆ ಏರಿಸಿದಳು.

"ಅವ್ವಾ, ಶಿವ ನಿನ್ನ ಕೈಗೇ ಬಂದವ್ನೆ. ನೀನು ಬಗ್ಗಬ್ಯಾಡ. ಮನ್ಸಲ್ಲೇ ಬಗ್ಗು."

ಕರಿಬಸಮ್ಮನ ತುಟಿ ಅಲುಗಿದವು. ತಲೆ ಒಂದಿಷ್ಟೂ ಅಲುಗಲಿಲ್ಲ. ಪೂಜೆ ಮುಗಿಯಿತು, ಗಂಜಿ ಇಳಿಯಿತು.

ಬಾಗಿಲಲ್ಲಿ ನಿಂತಿದ್ದ ಶಂಕರಲಿಂಗಪ್ಪನಿಗೆ ಮುಂದಿನ ರೋಗಿ ಮರೆತೇಹೋಗಿತ್ತು. ಹೊರಗೆ ಸಿಕ್ಕಾಗ ಹೇಳಿದ:

"ಇವತ್ತು ಆ ಕಣ್ಣು ಉಳಿಸಿದ್ದು ನೀವು ಶಿವರುದ್ರಮ್ಮನವರೇ."

ತನ್ನ ಹೆಸರನ್ನು ಯಾರಾದರೂ ಅಷ್ಟು ಉದ್ದಕ್ಕೆ, ಅಷ್ಟು ಗೌರವದಿಂದ ಕರೆದದ್ದು ಅವಳು ಕೇಳಿರಲಿಲ್ಲ. ಆ ಹೊತ್ತೆಲ್ಲಾ ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

* * *

ಪಟ್ಟಿ ಬಿಚ್ಚುವ ಬೆಳಗ್ಗೆ ವಾರ್ಡಿನವರೆಲ್ಲಾ ಕತ್ತು ಚಾಚಿ ನೋಡುತ್ತಿದ್ದರು. ಪಕ್ಕದ ಮಂಚದ ಕೆಂಚಮ್ಮನಿಗಂತೂ ಉಸಿರೇ ಆಡುತ್ತಿರಲಿಲ್ಲ, ಮರುದಿನ ಆಪರೇಷನ್ನಿಗೆ ಅವಳದೇ ಸರದಿ.

"ಅವ್ವಾ... ನಾನು ಕಾಣ್ತಿವ್ನಾ?"

ಕರಿಬಸಮ್ಮ ರೆಪ್ಪೆ ಬಡಿದಳು. "ಬೆಳಕು ಕಾಣ್ತದೆ. ಯಾರೋ ನಿಂತವ್ರೆ. ಮುಖ ಇಲ್ಲ ಕಣೇ... ಎಲ್ಲಾ ಕಲಸಿಕೊಂಡೈತೆ."

ರುದ್ರಮ್ಮನಿಗೆ ಸೂಜಿಯವನ ದಿನ ನೆನಪಾಯಿತು. ಅವತ್ತೂ ಹೀಗೇ! ಮೊದಲು ಬೆಳಕು, ಆಮೇಲೆ ಕತ್ತಲೆ...

"ಹೆದರಬೇಡಿ, ಗಾಯ ಚೆನ್ನಾಗಿ ಮಾಗಿದೆ. ಪೊರೆ ತೆಗೆದ ಕಣ್ಣಿಗೆ ದಪ್ಪ ಗಾಜಿನ ಕನ್ನಡಕ ಬೇಕು. ಗಾಜು ಇಟ್ಟು ನೋಡಿದರೆ ತಾನೇ..." ಡಾಕ್ಟರು ಮಾತು ತಡೆದ. "ಗಾಜು ಬೆಂಗಳೂರಿನಿಂದ ಬರಬೇಕು. ಹೇಳಿಕಳಿಸಿದ್ದೀನಿ."

"ಈಗ ಕನ್ನಡಕದ ಕತೆಯಾ? ಆವಾಗ ಯಾಕೆ ಹೇಳ್ಲಿಲ್ಲ? ನಿಮ್ಮನ್ನ ನಂಬಿದ್ನಲ್ಲ ನಾನು! ಅವನು ಸೂಜಿ ಹಿಡ್ದಿದ್ದ, ನೀವು ಕತ್ತಿ ಹಿಡಿದ್ರಿ. ಇಬ್ರೂ ಒಂದೇ!"

ಡಾಕ್ಟರು ತಲೆ ತಗ್ಗಿಸಿ ಹೊರಗೆ ನಡೆದ. ಹಿಂದೆಯೇ ಕೆಂಚಮ್ಮ ಗಂಟು ಕಟ್ಟತೊಡಗಿದಳು. "ನಂಗ್ಯಾಕವ್ವ ಬೇಕು ಈ ಪಾಡು? ಇದ್ದಂಗೇ ಇರ್ತೀನಿ." ಅವಳನ್ನು ನೋಡಿ ಇನ್ನೂ ಇಬ್ಬರು ಎದ್ದರು.

ವಾರ್ಡಿನ ಆಳು ಅಡವಯ್ಯ ಬಟ್ಟೆ ಸುತ್ತುತ್ತಾ ಗೊಣಗಿದ. "ಪಾಪ, ಡಾಕ್ಟ್ರು. ಗಾಜು ಇತ್ತು ಕಣಮ್ಮ. ಪೆಟ್ಟಿಗೆ ತುಂಬ ಇತ್ತು. ಹಳ್ಳಿ ತಿರುಗಾಕೆ ಹೋದಾಗ ಮದಲೂರು ಕೆರೆಗೆ ಬಿದ್ದೋಯ್ತಂತೆ. ಹೆಂಗೆ ಅಂದ್ರೆ, ಸೈಕಲ್ ಜಾರ್ತು ಅಂದ್ರು."

ರುದ್ರಮ್ಮ ಮಂಚದ ಕಾಲು ಹಿಡಿದು ನಿಂತಳು.

ಕತ್ತಿಯಲ್ಲ... ಸೂಜಿಯಲ್ಲ... ಗಾಜು! ಅವ್ವನ ಬೆಳಕನ್ನು ನನ್ನ ಕೈಯಾರೆ ನಾನೇ ಕೆರೆಗೆ ಎಸೆದೆನಲ್ಲ! ಅವರು ಒಂದು ಮಾತೂ ಆಡಲಿಲ್ಲವಲ್ಲ!

ಅಳಬಹುದಿತ್ತು. ಕಾಲಿಗೆ ಬಿದ್ದು ಕ್ಷಮೆ ಕೇಳಬಹುದಿತ್ತು. ಆದರೆ ಎಸೆದ ಕೈಯೇ ತರಬೇಕು ಎಂಬ ಹಟ ಅವಳದು.

"ಕೆಂಚಮ್ಮತ್ತೆ, ಎಲ್ಲಿಗೂ ಹೋಗಂಗಿಲ್ಲ. ನಾನು ಬರಗಂಟ ನಮ್ಮವ್ವನ ನೋಡ್ಕೊಂಡು ಕೂತಿರು!"

* * *

ಸಂತೆಗೆ ಸಾಮಾನು ಇಳಿಸಿ ಮರಳುತ್ತಿದ್ದ ಗಾಡಿ ಹತ್ತಿ ಊರು ಸೇರಿದವಳು ಮನೆಗೂ ಹೋಗಲಿಲ್ಲ. ತೂಬಿನ ಕಲ್ಲಿನ ಬಳಿ ಈಗ ಸೊಂಟದ ಮಟ್ಟದ ನೀರು, ಅದರ ಕೆಳಗೆ ಮೊಣಕಾಲುದ್ದ ಕೆಸರು. ಊರಿನವರು ಏರಿ ಮೇಲೆ ನಿಂತು ಕೂಗಿದರು. "ಏನ್ ಹುಡುಕ್ತೀಯೇ ರುದ್ರೀ?"

"ನಮ್ಮವ್ವನ ಕಣ್ಣು!"

ಕಾಲಿಗೆ ಕಲ್ಲು ಸಿಕ್ಕಿತು, ಬೇರು ಸಿಕ್ಕಿತು, ಒಡೆದ ಮಡಕೆ ಸಿಕ್ಕಿತು. ಬಿಸಿಲು ನೆತ್ತಿ ದಾಟುವ ಹೊತ್ತಿಗೆ ಚೌಕನೆಯ ಒಂದು ಮೂಲೆ ತಗುಲಿತು. ಮುಳುಗಿ, ಎರಡೂ ಕೈಯಿಂದ ಎಳೆದು ಎತ್ತಿದಳು. ಒಳಗಿನ ಮಕಮಲ್ಲು ಕೊಳೆತಿತ್ತು. ಗಾಜುಗಳು ಮಾತ್ರ, ಒಂದೆರಡು ಬಿಟ್ಟು, ಹಾಗೇ ಇದ್ದವು. ಏರಿ ಮೇಲೆ ಕುಳಿತು ಒಂದೊಂದನ್ನೇ ತೊಳೆದು ಸೂರ್ಯನಿಗೆ ಹಿಡಿದು ನೋಡಿದಳು.

ಸಂಜೆ ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ ಅವಳ ಸೀರೆ ಒಣಗಿದ ಕೆಸರಿನಿಂದ ಗಡುಸಾಗಿತ್ತು. ಸಿರಾದ ಜನ ಬಾಯಿ ಬಿಟ್ಟು ನೋಡಿದರು. ಅವಳು ತಲೆ ಎತ್ತಿಕೊಂಡೇ ನಡೆದು ವಾರ್ಡಿನ ನಡುವೆ ನಿಂತಳು.

"ಎಲ್ರೂ ಕೇಳ್ರಿ! ಡಾಕ್ಟ್ರ ಸೈಕಲ್ ಜಾರ್ಲಿಲ್ಲ. ಈ ಪೆಟ್ಟಿಗೆ ಕೆರೆಗೆ ಎಸೆದೋಳು ನಾನು. ಈಗ ತಂದೋಳೂ ನಾನೇ!"

ಶಂಕರಲಿಂಗಪ್ಪ ಪೆಟ್ಟಿಗೆ ತೆರೆದ. ದಪ್ಪನೆಯದೊಂದು ಗಾಜು ಆರಿಸಿ ಕರಿಬಸಮ್ಮನ ಬಲಗಣ್ಣಿನ ಮುಂದೆ ಹಿಡಿದ. "ಇದಾ ಅವ್ವಾ? ಇಲ್ಲಾ... ಇದಾ?"

ಕರಿಬಸಮ್ಮ ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟು ಮುಖದ ಮಟ್ಟಕ್ಕೆ ಎತ್ತಿಕೊಂಡಳು. ನೋಡುತ್ತಲೇ ಇದ್ದಳು. ಆಮೇಲೆ ಮಗಳ ಕಡೆ ತಿರುಗಿದಳು.

"ಲೇ ರುದ್ರೀ... ಕೆನ್ನೆ ತುಂಬ ಕೆಸರು ಮೆತ್ಕೊಂಡಿದೀಯಲ್ಲೇ! ಇದೇನೇ, ಇಷ್ಟು ಚೆಂದಾಗಿ ಬೆಳ್ದುಬುಟ್ಟಿದೀಯಾ?"

"ಅಳಬಾರದು ಅವ್ವಾ, ಕಣ್ಣಿಗೆ ಒಳ್ಳೇದಲ್ಲ!" ಎಂದು ಹೇಳುತ್ತಾ ರುದ್ರಮ್ಮನೇ ಗೊಳೋ ಎಂದು ಅತ್ತಳು.

ಕೆಂಚಮ್ಮ ಗಂಟು ಬಿಚ್ಚಿದಳು. "ಡಾಕ್ಟ್ರೇ, ನಂಗೂ ಮುದ್ದೆ ತಿನ್ನಂಗಿಲ್ವಾ?"

ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ ರುದ್ರಮ್ಮ ಕಣ್ಣೊರೆಸಿಕೊಂಡು ಶುರು ಮಾಡಿದ್ದಳು. "ಪಟ್ಟಿ ಬಿಚ್ಚಗಂಟ ಗಂಜಿ. ಆಮೇಲೆ ಮುದ್ದೆ. ಒಲೆ ಮುಂದೆ ಕೂರಂಗಿಲ್ಲ, ಕೊಡ ಎತ್ತಂಗಿಲ್ಲ, ಕಣ್ಣು ಉಜ್ಜಂಗಿಲ್ಲ. ಪಟ್ಟಿ ಬಿಚ್ಚಿದಾಗ ಮಂಜಾಗಿ ಕಾಣ್ತದೆ, ನನ್ನಂಗೆ ಕೂಗಾಡ್ಬ್ಯಾಡ. ಕನ್ನಡಕ ಬಂದ್ಮೇಲೆ ಎಲ್ಲಾ ಸರಿಹೋಯ್ತದೆ."

ಒಬ್ಬೊಬ್ಬರೇ ಅವಳ ಸುತ್ತ ಸೇರಿದರು. ಕೆಸರು ಸೀರೆಯ ಆ ಹೆಣ್ಣನ್ನು ನೋಡುತ್ತಾ ಶಂಕರಲಿಂಗಪ್ಪನ ಎದೆ ಹೆಮ್ಮೆಯಿಂದ ಉಬ್ಬಿತು. ಇನ್ನೂ ಅವನವಳಲ್ಲ, ಆದರೂ!

ಅಂಗಳದ ಬೇವಿನ ಮರದಡಿ ಅವಳು ಅವನನ್ನು ತಡೆದಳು. ಮತ್ತೆ ದಾರಿಗೆ ಅಡ್ಡ!

"ಪೆಟ್ಟಿಗೇಲಿ ಗಾಜೈತೆ ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ದರೆ ನೀವು ನಾಚಿಕೊಂಡು ಆಸ್ಪತ್ರೆ ಕಡೆ ತಲೆ ಹಾಕ್ತಿರಲಿಲ್ಲ. ಅವ್ವನ ಕಣ್ಣು ಹಾಗೇ ಉಳಿದುಬಿಡ್ತಿತ್ತು."

"ಅಷ್ಟು ಜನರ ಮುಂದೆ ಬೈದ್ನಲ್ಲ. ಆವಾಗ್ಲಾದ್ರೂ..."

"ಅವ್ವನಿಗೋಸ್ಕರ ಒಬ್ಬ ಡಾಕ್ಟರನ್ನೇ ಎದುರು ಹಾಕ್ಕೊಂಡವರನ್ನ ಏನಂತ ಎದುರಿಸಲಿ? ನನಗೂ ಅಂಥವರೊಬ್ಬರು ಬೇಕು ಅನ್ನಿಸಿತು... ಏರಿ ಮೇಲೆ ನೋಡಿದ ದಿನದಿಂದ ಹಾಗೇ ಅನ್ನಿಸ್ತಿದೆ."

ಅವಳ ಕಿವಿ ಕೆಂಪಾದವು. ಉತ್ತರ ಬರುವ ಮೊದಲೇ ಕಿಟಕಿಯಿಂದ ದನಿ ಬಂತು.

"ಗಂಡಿನ ಮುಖ ನಾನು ನೋಡ್ಬೇಕು ಅಂದಿರ್ಲಿಲ್ವಾ? ಇತ್ತ ಬಾರಪ್ಪ ಡಾಕ್ಟ್ರೇ!"

ಊರಿಗೆಲ್ಲ ಧೈರ್ಯ ಹೇಳುವ ಡಾಕ್ಟರು ಕಿಟಕಿಯ ಮುಂದೆ ಕೈ ಕಟ್ಟಿ ನಿಂತ. ಕರಿಬಸಮ್ಮ ಗಾಜು ಹಿಡಿದು ಅಡಿಯಿಂದ ಮುಡಿವರೆಗೆ ನೋಡಿದಳು.

"ಕಿವಿ ಒಸಿ ದೊಡ್ಡವು," ಅಂದಳು. "ಆದ್ರೆ ಮುಖದಲ್ಲಿ ಸುಳ್ಳಿಲ್ಲ. ನಂಗೆ ಒಪ್ಪಿಗೆ ಕಣೇ ರುದ್ರೀ. ನಿಂಗೆ?"

ರುದ್ರಮ್ಮ ಕೆಸರು ಸೆರಗಿನಿಂದ ನಗು ಮುಚ್ಚಿಕೊಂಡು ಅವನನ್ನೇ ಕೇಳಿದಳು. "ಪೆಟ್ಟಿಗೆ ಎಸೆಯೋ ಹೆಣ್ಣು ಕಣ್ರೀ ನಾನು. ಯೋಚ್ನೆ ಮಾಡಿದೀರಾ?"

"ಮಾಡಿದೀನಿ. ಸೈಕಲ್ ಒಂದು ಎಸೀಬೇಡಿ," ಎಂದ ಶಂಕರಲಿಂಗಪ್ಪ. "ಅವ್ವ ಮನೆ ಸೇರಿದ ಮೇಲೆ ಮದಲೂರಿಗೆ ಹೆಣ್ಣು ಕೇಳೋಕೆ ಬರಬೇಕಲ್ಲ."