ಎರಡು ದೊಡ್ಡ ಪರದೆಗಳ ನಡುವೆ

"ಮುಖ ನೋಡಿ ಮಾತಾಡಿದರೆ ನಿಮ್ಮ ಗೌರವ ಏನೂ ಕಮ್ಮಿ ಆಗಲ್ಲ, ಮೇಡಂ!"

ಅಂಗಡಿಯ ಸಿಜೋ ಮೆಲ್ಲಗೇ ಗೊಣಗಿಕೊಂಡಿದ್ದ. ಆದರೆ ಎದುರಿಗೆ ನಿಂತಿದ್ದ ಟ್ರೀಸಾಳಿಗೆ ಅದು ಸ್ಪಷ್ಟವಾಗಿ ಕೇಳಿಸಿತು.

ಎರ್ನಾಕುಲಂ ಮರೈನ್ ಡ್ರೈವಿನ ಆ ಮೊಬೈಲ್ ಮಾರುಕಟ್ಟೆಯಲ್ಲಿ ಶನಿವಾರದ ಗದ್ದಲ. ಟ್ರೀಸಾ ಒಂದೇ ಅಂಗಡಿಯಲ್ಲಿ ನಲವತ್ತು ನಿಮಿಷದಿಂದ ನಿಂತಿದ್ದಳು. ಗಾಜಿನ ಮೇಜಿನ ಮೇಲೆ ಎರಡು ದೊಡ್ಡ ಫೋನುಗಳು. ಒಂದು ವೆರಾನ್ ಮ್ಯಾಕ್ಸ್, ಇನ್ನೊಂದು ಸೊಲಾರಾ ಗ್ರ್ಯಾಂಡ್. ಆ ವರ್ಷ ಎಲ್ಲ ಅಂಗಡಿಗಳಲ್ಲೂ ಈ ಎರಡರದ್ದೇ ಜಗಳ.

"ನಾನು ಕೇಳಿದ್ದಕ್ಕೆ ನೀವಿನ್ನೂ ಉತ್ತರ ಕೊಟ್ಟಿಲ್ಲ," ಎಂದಳು ಅವಳು. "ಯಾವುದರ ಕ್ಯಾಮೆರಾ ಕಾಗದಕ್ಕೆ ಹೆಚ್ಚು ಹತ್ತಿರ ಹೋಗುತ್ತೆ?"

"ವೆರಾನ್‌ದು ನೂರೆಂಟು ಮೆಗಾಪಿಕ್ಸೆಲ್ ಮೇಡಂ! ಪರದೆ ಆರು ಪಾಯಿಂಟ್ ಒಂಬತ್ತು ಇಂಚು. ಸೊಲಾರಾದು ಆರು ಪಾಯಿಂಟ್ ಏಳೇ..."

"ಅದನ್ನ ನಾನು ಕೇಳಲಿಲ್ಲ."

ಅವಳು ಇದನ್ನು ಹೇಳುವಾಗಲೂ ಸಿಜೋನ ಎಡಗಿವಿಯಾಚೆ ಎಲ್ಲೋ ನೋಡುತ್ತಿದ್ದಳು, ಅವನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ. ಅದಕ್ಕೇ ಅವನಿಗೆ ರೇಗಿದ್ದು.

ಅವನ ಗೊಣಗು ಕೇಳಿ ಅವಳ ಕೆನ್ನೆ ಕೆಂಪಾಯಿತು. ಫೋನನ್ನು ಮೇಜಿನ ಮೇಲಿಟ್ಟಳು.

"ನಿಮ್ಮ ಮುಖ ನೋಡೋಕೆ ಬಂದಿಲ್ಲ ನಾನು. ಫೋನ್ ನೋಡೋಕೆ ಬಂದಿದ್ದೆ."

ತಿರುಗಿ ಹೊರಟೇಬಿಟ್ಟಳು. ಪಕ್ಕದ ಮೇಜಿನ ಷಫೀಕ್ ನಕ್ಕ. "ಹೋಯ್ತಲ್ಲೋ ಗಿರಾಕಿ! ಏನು ಕೊಬ್ಬು ಆ ಹೆಂಗಸಿಗೆ!"

ಕೊಬ್ಬು...

ಆ ಮಾತು ಟ್ರೀಸಾಳಿಗೆ ಹೊಸದಲ್ಲ. ಎರಡು ವರ್ಷದಿಂದ ಬೀದಿಯವರು, ಇಗರ್ಜಿಯವರು, ಜೊತೆಗೆ ಓದಿದವರು ಎಲ್ಲರೂ ಅದನ್ನೇ ಹೇಳುತ್ತಿದ್ದರು. ಎದುರಿಗೆ ಬಂದರೂ ಮಾತಾಡಿಸಲ್ಲ... ನಕ್ಕರೂ ನಗಲ್ಲ...

ಯಾರಿಗೂ ಗೊತ್ತಿರಲಿಲ್ಲ. ಟ್ರೀಸಾಳ ಎರಡು ಕಣ್ಣುಗಳಲ್ಲೂ ನೋಟದ ನಟ್ಟನಡುವೆ ಒಂದು ಕಲೆ ಬೆಳೆಯುತ್ತಿತ್ತು. ನೇರವಾಗಿ ನೋಡಿದರೆ ನೋಡಿದ್ದೇ ಮಾಯ! ಓರೆಯಾಗಿ ನೋಡಿದರೆ ಮಾತ್ರ ಅಂಚಿನಲ್ಲಿ ಒಂದಿಷ್ಟು ಕಾಣುತ್ತಿತ್ತು. ಸಿಜೋನನ್ನು ನೋಡಬೇಕೆಂದೇ ಅವಳು ಅವನ ಕಿವಿಯಾಚೆ ನೋಡಿದ್ದಳು. ಕನ್ನಡಕದಿಂದ ಸರಿಹೋಗುವ ಕಾಯಿಲೆಯಲ್ಲ ಇದು ಎಂದು ಡಾಕ್ಟರು ಹೇಳಿಯಾಗಿತ್ತು.

ಅದನ್ನು ಅವಳು ಹೇಳಿದ್ದು ಒಂದೇ ಒಂದು ಕಡೆ, ಮದುವೆ ಗೊತ್ತಾಗಿದ್ದ ತ್ರಿಶೂರಿನ ಮನೆಯವರಿಗೆ. ಆಮೇಲೆ ಅಲ್ಲಿಂದ ಫೋನೇ ಬರಲಿಲ್ಲ. ಮರುವರ್ಷ ಅಮ್ಮನೂ ತೀರಿಹೋದಳು. ಈಗ ಕಚ್ಚೇರಿಪ್ಪಡಿಯ ಬಾಡಿಗೆ ಮನೆಯಲ್ಲಿ ಅವಳೊಬ್ಬಳೇ. ಹೋಟೆಲಿಗೆ ಹೋದರೆ ಗೋಡೆಯ ಮೇಲಿನ ತಿಂಡಿಯ ಪಟ್ಟಿ ಕಾಣದು, ಕೇಳಲು ಸಂಕೋಚ. ಹಾಗಾಗಿ ಹೋಗುವುದನ್ನೇ ಬಿಟ್ಟಿದ್ದಳು. ಭಾನುವಾರ ಒಂದೊಂದು ಸಲ ಬೆಳಗಿನಿಂದ ಸಂಜೆಯವರೆಗೆ ಒಂದು ಮಾತೂ ಆಡದೆ ಕಳೆಯುತ್ತಿತ್ತು.

ಉಳಿದಿದ್ದು ಕೆಲಸ ಒಂದೇ. ನೋಂದಣಿ ಕಚೇರಿಯ ಎದುರು, ಜಮೀನಿನ ಪತ್ರ ಬರೆಯುವ ಭಾಸ್ಕರನ್ ಸಾರ್ ಹತ್ತಿರ ಹದಿಮೂರು ವರ್ಷದಿಂದ ಅವಳು ದುಡಿಯುತ್ತಿದ್ದಳು. ಅಜ್ಜಂದಿರ ಕಾಲದ ಮಾಸಿದ ಪತ್ರ ಓದಿ ಹೊಸ ಕ್ರಯಪತ್ರ ಬರೆಯಬೇಕು. ಸರ್ವೆ ನಂಬರಿನ ಒಂದಂಕಿ ತಪ್ಪಿದರೆ ಒಂದು ಮನೆತನವೇ ಕೋರ್ಟು ಅಲೆಯಬೇಕು! ಇಷ್ಟು ದಿನ ಕಿಟಕಿಯ ಬೆಳಕು, ಕೈಯಲ್ಲೊಂದು ಭೂತಗನ್ನಡಿ. ಈಗ ಅದೂ ಸಾಲದು.

'ಹೇಳಿಬಿಟ್ಟರೆ ಈ ಕೆಲಸವೂ ಹೋಗುತ್ತದೆ... ಆಮೇಲೆ ನಾನು ಯಾರು?'

ಮುಂದಿನ ಶನಿವಾರ ಅವಳು ಮತ್ತೆ ಆ ಅಂಗಡಿಗೇ ಹೋದಳು. ಬೇರೆ ಅಂಗಡಿಗಳಲ್ಲಿ ಫೋನನ್ನು ಅಷ್ಟು ಹೊತ್ತು ಕೈಯಲ್ಲಿ ಹಿಡಿಯಲೂ ಬಿಟ್ಟಿರಲಿಲ್ಲ.

ಹೋದ ವಾರದ್ದೇ ನೀಲಿ ಅಂಗಿ ಕಂಡಿತು. ಅವಳು ನೇರ ಅಲ್ಲಿಗೇ ನಡೆದಳು.

"ಹೋದ ವಾರ ನಾನು ಒರಟಾಗಿ ಮಾತಾಡಿಬಿಟ್ಟೆ. ತಪ್ಪು ತಿಳ್ಕೋಬೇಡಿ."

"ಅಯ್ಯೋ, ಪರವಾಗಿಲ್ಲ ಬಿಡಿ ಮೇಡಂ!" ಎಂದ ನೀಲಿ ಅಂಗಿ, ನಗು ತಡೆಯಲಾರದೆ.

ಅದು ಸಿಜೋ ಆಗಿರಲಿಲ್ಲ. ಷಫೀಕ್! ಅಂಗಡಿಯ ಎಲ್ಲರದ್ದೂ ಅದೇ ನೀಲಿ ಅಂಗಿ.

ಎರಡು ಮಾರು ದೂರದಲ್ಲಿ ನಿಂತು ಸಿಜೋ ಎಲ್ಲವನ್ನೂ ನೋಡುತ್ತಿದ್ದ. ಅವನು ಕುಳ್ಳ, ಗಡ್ಡಧಾರಿ. ಷಫೀಕ್ ಎತ್ತರದ ಆಳು, ನುಣ್ಣನೆ ಮುಖ. ಇಬ್ಬರನ್ನೂ ಒಬ್ಬನೇ ಅಂದುಕೊಳ್ಳಲು ಹೇಗೆ ಸಾಧ್ಯ? ಮುಖ ನೋಡಿ ಮಾತಾಡಿ ಅಂದೆನಲ್ಲ... ದೇವರೇ!

ಷಫೀಕನ ಬೆನ್ನಿಗೊಂದು ಗುದ್ದಿ ಅತ್ತ ಕಳಿಸಿದ.

"ಮೇಡಂ, ಹೋದ ವಾರ ಬೈಸಿಕೊಂಡವನು ನಾನು. ಸಿಜೋ ಅಂತ. ಬನ್ನಿ, ಕೂತ್ಕೊಳ್ಳಿ."

ಟ್ರೀಸಾಳಿಗೆ ನೆಲ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ಆದರೆ ಅವನು ಕಣ್ಣಿನ ಮಾತೇ ಎತ್ತಲಿಲ್ಲ. ಕುರ್ಚಿ ಎಳೆದು, "ನೀವು ಓದಬೇಕಾದ ಕಾಗದ ತಂದಿದ್ದೀರಾ?" ಎಂದಷ್ಟೇ ಕೇಳಿದ.

ತಂದಿದ್ದಳು. ಹಳೆಯ ಪತ್ರವೊಂದರ ನಕಲು. ಇರುವೆ ಸಾಲಿನಂಥ ಅಕ್ಷರ.

ಅವನು ಪಕ್ಕದ ಸ್ಟೇಷನರಿ ಅಂಗಡಿಯಿಂದ ಸ್ಟೀಲ್ ಸ್ಕೇಲು ತಂದ. ಕಾಗದದಿಂದ ಫೋನಿಗೆ ಎಷ್ಟು ದೂರ ಎಂದು ಅಳೆಯತೊಡಗಿದ.

"ವೆರಾನ್ ಹತ್ತು ಸೆಂಟಿಮೀಟರಿಗಿಂತ ಹತ್ತಿರ ಹೋದರೆ ಮಂಜಾಗುತ್ತೆ. ಸೊಲಾರಾ... ನಾಲ್ಕು! ನಾಲ್ಕರವರೆಗೂ ಚೊಕ್ಕ ಇದೆ. ಡಬ್ಬದ ಮೇಲೆ ಈ ಲೆಕ್ಕ ಯಾರೂ ಬರೆದೇ ಇಲ್ಲ ನೋಡಿ!"

"ಆದರೆ ವೆರಾನ್ ಪರದೆ ದೊಡ್ಡದಲ್ವಾ?"

"ಉದ್ದಕ್ಕೆ ದೊಡ್ಡದು. ಅಗಲ ಅಳೆದೆ, ಸೊಲಾರಾನೇ ಎರಡು ಮಿಲಿಮೀಟರ್ ಜಾಸ್ತಿ. ಸಾಲು ಓದೋಕೆ ಬೇಕಾಗಿರೋದು ಅಗಲ ತಾನೆ? ತೂಕ ನೋಡಿ, ವೆರಾನ್ ಇನ್ನೂರ ಮೂವತ್ತು ಗ್ರಾಂ. ದಿನವಿಡೀ ಹಿಡಿದರೆ ಕೈ ಬಿದ್ದುಹೋಗುತ್ತೆ. ಇದು ಇನ್ನೂರೂ ಇಲ್ಲ."

"ಬೆಳಕು?"

"ಬಿಸಿಲಿಗೆ ವೆರಾನೇ ಮೇಲು, ಸುಳ್ಳು ಹೇಳಲ್ಲ. ನೀವು ಓದೋದು ಒಳಗಾ, ಹೊರಗಾ?"

"ಒಳಗೆ. ಕಿಟಕಿ ಪಕ್ಕ."

"ಹಾಗಿದ್ರೆ ಸೊಲಾರಾ!"

ರಟ್ಟಿನ ಮೇಲೆ ದಪ್ಪ ಕಪ್ಪು ಶಾಯಿಯಲ್ಲಿ ಅಂಗೈ ಅಗಲದ ಅಂಕಿಗಳಲ್ಲಿ ಎರಡೂ ಫೋನುಗಳ ವಿವರ ಬರೆದ. ಟ್ರೀಸಾ ಮುಖ ಓರೆ ಮಾಡಿ ಓದಿದಳು. ಭೂತಗನ್ನಡಿ ಇಲ್ಲದೆ ಅವಳು ಏನಾದರೂ ಓದಿ ಎಷ್ಟೋ ದಿನವಾಗಿತ್ತು.

"ನಾನು ಏನೂ ಹೇಳಲೇ ಇಲ್ಲವಲ್ಲ... ನಿಮಗೆ ಹೇಗೆ ಗೊತ್ತಾಯ್ತು?"

"ಷಫೀಕನ್ನ ನಾನು ಅಂದುಕೊಂಡ್ರಲ್ಲ! ಅವನಿಗಿಂತ ನಾನು ಎಷ್ಟು ಚೆನ್ನಾಗಿದ್ದೀನಿ ಗೊತ್ತಾ?"

ಟ್ರೀಸಾ ಗಟ್ಟಿಯಾಗಿ ನಕ್ಕುಬಿಟ್ಟಳು. ತನ್ನ ನಗುವಿನ ದನಿ ತನಗೇ ಅಪರಿಚಿತ ಅನ್ನಿಸಿತು.

ಸೊಲಾರಾ ಕೊಂಡಳು. ಆಮೇಲೂ ವಾರಕ್ಕೆರಡು ಸಲ ಅಂಗಡಿಗೆ ಹೋಗಲು ಏನಾದರೊಂದು ನೆಪ ಸಿಗುತ್ತಿತ್ತು. ಅಕ್ಷರ ದೊಡ್ಡದು ಮಾಡುವುದು ಹೇಗೆ, ಕಪ್ಪು ಪರದೆಯಲ್ಲಿ ಬಿಳಿ ಅಕ್ಷರ ಬರಿಸುವುದು ಹೇಗೆ... ಕಲಿಸುತ್ತ ಕಲಿಸುತ್ತ ಅವನು ಸುಲೈಮಾನಿ ಚಹಾ ತರಿಸುತ್ತಿದ್ದ. ವೈಪಿನ್ ದ್ವೀಪದಲ್ಲಿ ತನ್ನ ಮನೆ, ಅಮ್ಮನ ಮಂಡಿ ನೋವು, ಮೂವತ್ತಾರಾದರೂ ಆಗದ ಮದುವೆ, ಎಲ್ಲ ಹೇಳಿಕೊಂಡ.

"ದಿನಕ್ಕೆ ಇನ್ನೂರು ಜನ ನನ್ನ ಮುಖ ನೋಡಿ ಮಾತಾಡ್ತಾರೆ ಟ್ರೀಸಾ. ಬಾಗಿಲು ದಾಟಿದ ಮೇಲೆ ಒಬ್ಬರಿಗೂ ನಾನು ನೆನಪಿರಲ್ಲ."

'ನನಗೆ ನೆನಪಿರುತ್ತೀರಿ,' ಎಂದುಕೊಂಡಳು. ಬಾಯಿಬಿಟ್ಟು ಹೇಳಲಿಲ್ಲ.

ಫೋನನ್ನು ಕಾಗದದ ಮೇಲೆ ಅಲುಗದಂತೆ ನಿಲ್ಲಿಸಲು ಒಂದು ಸ್ಟ್ಯಾಂಡು ಬೇಕು, ತರಿಸಿಕೊಡುತ್ತೇನೆ ಎಂದಿದ್ದ. ಒಂದು ಬುಧವಾರ ಬೆಳಗ್ಗೆ ಅದು ಬಂತು. ಟ್ರೀಸಾ ಫೋನೆತ್ತಲಿಲ್ಲ, ಅವಳು ನೋಂದಣಿ ಕಚೇರಿಯ ಸಾಲಿನಲ್ಲಿದ್ದಳು. ಅವನು ಭಾಸ್ಕರನ್ ಸಾರ್ ಕಚೇರಿಗೇ ಫೋನ್ ಮಾಡಿದ.

ಅವಳು ವಾಪಸು ಬಂದಾಗ ಭಾಸ್ಕರನ್ ಸಾರ್ ಬಾಗಿಲು ಹಾಕಿಸಿದರು. ಮೇಜಿನ ಮೇಲೊಂದು ಹಳೆಯ ಪತ್ರ.

"ಮೊಬೈಲ್ ಅಂಗಡಿಯಿಂದ ಯಾರೋ ಸಿಜೋ ಫೋನ್ ಮಾಡಿದ್ದ. ಅದಿರಲಿ... ಇದನ್ನ ಓದು ಮೋಳೇ. ಭೂತಗನ್ನಡಿ ಬೇಡ, ಫೋನೂ ಬೇಡ."

ಅವರು ಮೋಳೇ, ಅಂದರೆ ಮಗಳೇ, ಎಂದು ಕರೆಯುವುದು ಹೊಸದಲ್ಲ. ಆದರೆ ಇವತ್ತಿನ ದನಿ ಬೇರೆಯಿತ್ತು. ಟ್ರೀಸಾ ಕಾಗದ ನೋಡಿದಳು. ನಡುವೆ ಬೂದು ಕಲೆ. ಓರೆ ನೋಡಿದಳು. ಮಂಜು.

"ಆಗಲ್ಲ, ಸಾರ್."

"ಎಷ್ಟು ದಿನದಿಂದ?"

"ಎರಡು ವರ್ಷ..."

"ಎರಡು ವರ್ಷ ನನ್ನ ಹತ್ತಿರ ಮುಚ್ಚಿಟ್ಟೆಯಾ? ಮನೆಗೆ ಹೋಗು. ನಾನು ಹೇಳೋವರೆಗೂ ಬರಬೇಡ."

ಅವಳು ನೇರ ಹೋಗಿದ್ದು ಅಂಗಡಿಗೆ.

"ಬನ್ನಿ ಬನ್ನಿ! ಸ್ಟ್ಯಾಂಡು..."

"ಯಾರು ಹೇಳಿದ್ದು ನಿಮಗೆ ಅಲ್ಲಿಗೆ ಫೋನ್ ಮಾಡಿ ಅಂತ?" ಅವಳ ದನಿ ಚೂರುಚೂರಾಗಿತ್ತು. "ನನ್ನ ಕಣ್ಣಿನ ವಿಷಯ ಊರಿಗೆಲ್ಲ ಸಾರಿ, ಪಾಪದವಳಿಗೆ ಉಪಕಾರ ಮಾಡಿದೆ ಅಂತ ಹೆಮ್ಮೆ ಪಡೋಣ ಅಂತಲಾ? ನನ್ನ ಕೆಲಸ ಹೋಯ್ತು, ಸಿಜೋ! ಇದ್ದಿದ್ದು ಅದೊಂದೇ..."

"ಟ್ರೀಸಾ, ನಾನು..."

"ಬೇಡ! ಇನ್ನು ಯಾವತ್ತೂ ನನಗೆ ಫೋನ್ ಮಾಡಬೇಡಿ."

ಅವನು ಮಾಡಲಿಲ್ಲ.

ಎಂಟು ದಿನ. ಟ್ರೀಸಾ ಗಂಜಿ ಬೇಯಿಸಿದಳು, ಅರ್ಧ ತಿಂದಳು, ಉಳಿದಿದ್ದನ್ನು ಚೆಲ್ಲಿದಳು. ಕೆಳಗೆ ಬಸ್ಸುಗಳು ಕೂಗುತ್ತ ಹೋಗುತ್ತಿದ್ದವು. ಫೋನ್ ಒಮ್ಮೆ ಹೊಡೆದುಕೊಂಡಿತು. ಓಡಿಹೋಗಿ ಎತ್ತಿದರೆ ಗ್ಯಾಸ್ ಸಿಲಿಂಡರಿನವನು!

ಒಂಬತ್ತನೆಯ ದಿನ ಬೆಳಗ್ಗೆ ಎದ್ದವಳೇ ತಲೆ ಬಾಚಿ ಇಸ್ತ್ರಿಯ ಸೀರೆ ಉಟ್ಟಳು. 'ಮುಚ್ಚಿಡೋಕೆ ಇನ್ನೇನೂ ಉಳಿದಿಲ್ಲ. ಹಾಗಿದ್ದ ಮೇಲೆ ಹೆದರಿಕೆ ಯಾಕೆ?'

ಭಾಸ್ಕರನ್ ಸಾರ್ ಎದುರು ನಿಂತು ಸೊಲಾರಾವನ್ನು ಮೇಜಿನ ಮೇಲಿಟ್ಟಳು.

"ಇದಿಲ್ಲದೆ ನನಗೆ ಓದೋಕಾಗಲ್ಲ ಸಾರ್. ಇದಿದ್ದರೆ ಆಗುತ್ತೆ. ನಿಮ್ಮ ಹತ್ತಿರ ಇರೋದರಲ್ಲಿ ಎಲ್ಲಕ್ಕಿಂತ ಹಳೇ ಪತ್ರ ಕೊಡಿ. ಒಂದಂಕಿ ತಪ್ಪಿದರೂ ನಾನೇ ಹೊರಟುಹೋಗ್ತೀನಿ."

ಅವರು ಕೊಟ್ಟರು. ಅವಳು ಓದಿದಳು. ನಿಧಾನವಾಗಿ, ಒಂದೊಂದೇ ಗಡಿ, ಒಂದೊಂದೇ ಅಂಕಿ. ಅವರು ಕನ್ನಡಕ ಏರಿಸಿ ಇನ್ನೊಂದು ಪ್ರತಿಯಲ್ಲಿ ಬೆರಳಿಟ್ಟು ನೋಡುತ್ತ ಹೋದರು. ಒಂದೂ ತಪ್ಪಿರಲಿಲ್ಲ.

"ಈ ಎಂಟು ದಿನ ನಾನು ಏನು ಮಾಡಿದೆ ಗೊತ್ತಾ?" ಎಂದರು ಕೊನೆಗೆ. "ನೀನು ಎರಡು ವರ್ಷ ಬರೆದಿದ್ದನ್ನೆಲ್ಲ ತೆಗೆದು ನೋಡಿದೆ. ಎಲ್ಲ ಸರಿ ಇದೆ. ನಾಳೆಯಿಂದ ಬಾ. ಆದರೆ ಇನ್ನು ಮೇಲೆ ಪ್ರತಿ ಪತ್ರಾನೂ ಇಬ್ಬರು ಕೂತು ಓದಬೇಕು, ನೀನು ಮತ್ತು ನಾನು." ಅವರ ದನಿ ಒದ್ದೆಯಾಯಿತು. "ನನ್ನ ಕಣ್ಣಿನ ಪೊರೆ ತೆಗೆಸಿದಾಗ ಆಸ್ಪತ್ರೆಯಲ್ಲಿ ಜೊತೆಗಿದ್ದವಳು ನೀನು. ನಿನ್ನ ಕಣ್ಣಿನ ವಿಷಯ ನನಗೆ ಹೇಳಬಾರದಿತ್ತಾ? ಸಿಟ್ಟು ಬಂದಿದ್ದು ಅದಕ್ಕೆ, ಮೋಳೇ."

ಟ್ರೀಸಾ ಕಣ್ಣೊರೆಸಿಕೊಂಡಳು. "ಅವನು ಹೇಳದೇ ಇದ್ದಿದ್ದರೆ ನಿಮಗೆ ಗೊತ್ತೇ ಆಗ್ತಿರಲಿಲ್ಲ..."

"ಯಾರು? ಆ ಅಂಗಡಿಯವನಾ? ಟ್ರೀಸಾ ಮೇಡಂ ಕೇಳಿದ್ದ ಸಾಮಾನು ಬಂದಿದೆ ಅಂದ, ಫೋನಿಟ್ಟ. ಅಷ್ಟೇ! ಏನು ಸಾಮಾನು ಅಂತ ಕೇಳಿದರೂ ಹೇಳಲಿಲ್ಲ. ಮೂರು ತಿಂಗಳಿಂದ ನನಗೇ ಅನುಮಾನ ಇತ್ತು. ಒಂದು ದಿನ ಪೋಸ್ಟಿನವನನ್ನ ನಾನು ಅಂದುಕೊಂಡು 'ನಮಸ್ಕಾರ ಸಾರ್' ಅಂದೆಯಲ್ಲ, ಅವತ್ತಿಂದ."

ಅವನು ಹೇಳಿರಲಿಲ್ಲ! ಅಷ್ಟು ಬೈದಳು, ಅದನ್ನು ಹೇಳಲೂ ಅವಳು ಅವನನ್ನು ಬಿಟ್ಟಿರಲಿಲ್ಲ...

ಸಂಜೆ ಅಂಗಡಿಗೆ ಓಡಿದಳು. "ಈಗಷ್ಟೇ ಹೋದ, ವೈಪಿನ್ ಬೋಟಿಗೆ," ಎಂದ ಷಫೀಕ್. ಈ ಸಲ ಅವನು ನಗಲಿಲ್ಲ. "ಎಂಟು ದಿನದಿಂದ ಅವನಿಗೆ ಮಾತೇ ಇಲ್ಲ, ಮೇಡಂ. ಬೇಗ ಹೋಗಿ."

ದೋಣಿಕಟ್ಟೆಯಲ್ಲಿ ಕೆಲಸ ಬಿಟ್ಟ ಜನ ಕಿಕ್ಕಿರಿದಿದ್ದರು. ಇಳಿಬಿಸಿಲು ನೀರಿಗೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಟ್ರೀಸಾಳ ಸುತ್ತ ಅಂಗಿಗಳು, ಸೀರೆಗಳು, ಚೀಲಗಳು. ಮುಖಗಳು ಮಾತ್ರ ಒಂದೂ ಇಲ್ಲ. ಅವನು ಎರಡಡಿ ದೂರದಲ್ಲಿದ್ದರೂ ಅವಳಿಗೆ ಕಾಣದು.

ಅವನಿಗೆ ಅವಳು ಕಂಡಿದ್ದಳು. ಸಾಲಿನಲ್ಲಿ ನಿಂತಿದ್ದ ಸಿಜೋನ ಕಾಲು ಅಲ್ಲೇ ಹೂತುಹೋಯಿತು. ಕರೆಯಲೇ? ಯಾವತ್ತೂ ಬೇಡ ಅಂದಿದ್ದಾಳಲ್ಲ... ತಲೆ ತಗ್ಗಿಸಿದ.

ಬೋಟಿನ ಗಂಟೆ ಹೊಡೆಯಿತು. ಎರಡು ವರ್ಷ ಯಾರಿಗೂ ತಿಳಿಯಬಾರದೆಂದು ಬಚ್ಚಿಟ್ಟ ಮಾತನ್ನು ಟ್ರೀಸಾ ಅಷ್ಟು ಜನರ ನಡುವೆ ಕೂಗಿ ಹೇಳಿದಳು.

"ಸಿಜೋ! ಇಲ್ಲೇ ಇದ್ದೀರಾ? ನನಗೆ ಕಣ್ಣು ಕಾಣಲ್ಲ, ನಿಮ್ಮನ್ನ ಹುಡುಕೋಕಾಗಲ್ಲ! ನೀವೇ ಬನ್ನಿ!"

ಜನ ತಿರುಗಿ ನೋಡಿದರು. ಯಾರೋ ಪಿಸುಗುಟ್ಟಿದರು. ಅವಳು ಅಲುಗಾಡದೆ ನಿಂತಳು.

ಜನರನ್ನು ಸೀಳಿಕೊಂಡು ಯಾರೋ ಓಡಿಬಂದು ಅವಳ ಮುಂದೆ ನಿಂತರು. ಏದುಸಿರು.

"ಬಂದೆ... ಬಂದೆ, ಟ್ರೀಸಾ."

"ನೀವು ಸಾರ್‌ಗೆ ಏನೂ ಹೇಳಿರಲಿಲ್ಲ. ಯಾಕೆ ನನ್ನ ಬಾಯಿ ಮುಚ್ಚಿಸಲಿಲ್ಲ?"

"ನಿಮ್ಮ ಕೆಲಸ ಹೋಗಿತ್ತಲ್ಲ. ನನ್ನ ತಪ್ಪಿಲ್ಲ ಅಂತ ವಾದ ಮಾಡೋ ಹೊತ್ತಾ ಅದು?"

ಬೋಟು ಹೊರಟುಹೋಯಿತು. ಇಬ್ಬರೂ ಖಾಲಿಯಾದ ಕಟ್ಟೆಯ ಮೇಲೆ ಕೂತರು.

"ಸಿಜೋ, ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನೀವಂದ್ರೆ ನನಗೆ ಇಷ್ಟ. ತುಂಬಾ. ಆದರೆ ಈ ಕಣ್ಣಿನ ನೋಟ ಇನ್ನೂ ಕಡಿಮೆ ಆಗುತ್ತೆ. ಜಾಸ್ತಿ ಆಗಲ್ಲ."

ಅವನು ಅವಳ ಕಡೆ ತಿರುಗಿ ಕೂತ.

"ಡಾಕ್ಟರ ಹತ್ತಿರ ಮುಂದಿನ ಸಲ ಹೋಗೋದು ಯಾವಾಗ?"

"ಬುಧವಾರ. ಯಾಕೆ?"

"ಒಬ್ಬರೇ ಹೋಗ್ತೀರಾ?"

"ಯಾವಾಗಲೂ ಒಬ್ಬಳೇ."

"ಬುಧವಾರ ನನಗೆ ರಜೆ."

"ಸುಳ್ಳು! ನಿಮ್ಮ ರಜೆ ಮಂಗಳವಾರ ಅಂತ ಷಫೀಕ್ ಹೇಳಿದ್ದಾನೆ."

"ಹೇಳಿರಬಹುದು," ಎಂದು ಸಿಜೋ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. "ಅದು ಈ ವಾರದವರೆಗೆ."